ಅವರವರ ಕೈಗೆ ಅವರವರ ಗೆರೆ

ಚಿತ್ರ ಕಲಿಸುವ ಕೆಲಸವೆಂದರೆ ಬಹುಪಾಲು ಚಿತ್ರ ಬರೆಯುವವರ ಹಿಂದೆ ನಿಂತಿರುವ ಕೆಲಸ. ಯಲಹಂಕದ ಕಡೆಯ ಒಂದು ಕಲಾಶಾಲೆಯಲ್ಲಿ ಮೂವತ್ತು ವರ್ಷ ನಾನು ಹಾಗೆ ನಿಂತೆ. ಕಾಲು ಊದಿಕೊಳ್ಳುವುದು, ಇದ್ದಿಲ ಪುಡಿ ಸೀರೆಯ ನೆರಿಗೆಯೊಳಗೆ ಸೇರಿ ಎಷ್ಟು ಒಗೆದರೂ ಹೋಗದಿರುವುದು, ಇವೆಲ್ಲ ಈ ಕೆಲಸಕ್ಕೆ ಬರುವವರಿಗೆ ತಾವಾಗಿಯೇ ಗೊತ್ತಾಗುತ್ತವೆ. ನಾನು ಯಾವಾಗ ಹಿರಿಯ ಉಪನ್ಯಾಸಕಿಯಾದೆ, ಯಾವಾಗ ವಿಭಾಗದ ಮುಖ್ಯಸ್ಥೆಯಾದೆ ಎಂಬುದರಿಂದ ಯಾರಿಗೂ ಉಪಯೋಗವಿಲ್ಲ, ಅದನ್ನು ಬಿಡುತ್ತೇನೆ.

ಹೋದ ತಿಂಗಳು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಪುಟ್ಟೇನಹಳ್ಳಿಯ ನಮ್ಮ ಮನೆಗೆ ಬಂದಿದ್ದಳು. "ಮೇಡಂ, ಸ್ಟೂಡೆಂಟ್ಸ್‌ಗೆ ಅವರದೇ ಒಂದು ಸ್ಟೈಲ್ ಬರೋ ಹಾಗೆ ಮಾಡೋದು ಹೇಗೆ?" ಎಂದು ಕೇಳಿದಳು. ಚಹ ಕೊಟ್ಟು, ಏನೋ ನಾಲ್ಕು ಮಾತು ಹೇಳಿ ಕಳಿಸಿದೆ. ಅವಳು ಗೇಟು ದಾಟಿದ ಮೇಲೆ, ನಾನು ಹೇಳಿದ್ದು ಯಾವ ಪುಸ್ತಕದಲ್ಲಾದರೂ ಸಿಗುವ ಮಾತು ಅನ್ನಿಸಿತು. ಈ ವಿಷಯದಲ್ಲಿ ನನಗೆ ನಿಜವಾಗಿ ಗೊತ್ತಿರುವುದು ಸ್ವಲ್ಪವೇ. ಅದೂ ಕೂಡ ನಾನು ಕೆಡಿಸಿದ ಕೆಲಸಗಳಿಂದ ಗೊತ್ತಾದದ್ದು. ಅವಳಿಗೆ ಹೇಳಬೇಕಾಗಿದ್ದದ್ದು ಅದನ್ನು.

ನಾನು ಗಜೇಂದ್ರಗಡದ ಕಡೆಯವಳು. ಚಿತ್ರಕಲೆ ಓದಿದ್ದು ಧಾರವಾಡದಲ್ಲಿ. ನನ್ನ ಯಜಮಾನರಿಗೆ ಯಶವಂತಪುರದ ಕಾರ್ಖಾನೆಯೊಂದರಲ್ಲಿ ಕೆಲಸವಾಗಿದ್ದರಿಂದ ಬೆಂಗಳೂರಿಗೆ ಬಂದೆ. ನಮಗೆ ಕಲಿಸಿದ ಗುರುಗಳು ನಮ್ಮ ಹಾಳೆಯ ಮೇಲೆಯೇ ತಿದ್ದುತ್ತಿದ್ದರು. ನಾವು ಒಂದು ಗಂಟೆ ಒದ್ದಾಡಿದ ಭುಜವನ್ನು ಅವರು ಮೂರು ಗೆರೆಯಲ್ಲಿ ಕೂಡಿಸಿ ಮುಂದಕ್ಕೆ ಹೋಗುತ್ತಿದ್ದರು. ಅವರು ತಿದ್ದಿದ ಹಾಳೆಯನ್ನು ನಾವು ಪ್ರಸಾದದ ಹಾಗೆ ಎತ್ತಿಡುತ್ತಿದ್ದೆವು. ಕಲಿಸುವುದೆಂದರೆ ಅದೇ ಎಂದು ನನಗೆ ಗೊತ್ತಿದ್ದದ್ದು. ಹಾಗಾಗಿ ಕೆಲಸಕ್ಕೆ ಸೇರಿದ ಮೊದಲ ದಿನದಿಂದ ನಾನೂ ಪೆನ್ಸಿಲ್ ಹಿಡಿದುಕೊಂಡೇ ತರಗತಿಯಲ್ಲಿ ಓಡಾಡಿದೆ. ಹುಡುಗರಿಗೂ ಅದು ಇಷ್ಟವಾಗಿತ್ತು. "ಮೇಡಂ, ಇಲ್ಲೊಂಚೂರು ಸರಿ ಮಾಡ್ಕೊಡಿ" ಎಂದು ಆ ಮೂಲೆಯಿಂದ ಈ ಮೂಲೆಯಿಂದ ಕರೆಯುತ್ತಿದ್ದರು. ನಾನು ಮೂಗು ತಿದ್ದುತ್ತಿದ್ದೆ, ಕೈಬೆರಳು ಕೂಡಿಸುತ್ತಿದ್ದೆ, ನೆರಳು ಹಾಕಿಕೊಡುತ್ತಿದ್ದೆ. ಕಲಿಯುತ್ತಿದ್ದಾರೆ ಎಂದುಕೊಂಡಿದ್ದೆ.

ಮೂರನೆಯ ವರ್ಷ ವಾರ್ಷಿಕ ಪ್ರದರ್ಶನಕ್ಕೆ ಹದಿನೆಂಟು ಜನರ ಭಾವಚಿತ್ರಗಳನ್ನು ಆರಿಸಿ, ಕಟ್ಟು ಹಾಕಿಸಲು ಯಶವಂತಪುರದ ಅಂಗಡಿಯೊಂದಕ್ಕೆ ಕೊಟ್ಟಿದ್ದೆ. ಅಂಗಡಿ ನಡೆಸುತ್ತಿದ್ದವರು ಸಯ್ಯದ್ ಸಾಹೇಬರು ಎಂಬ ವಯಸ್ಸಾದವರು. ದೇವರ ಪಟ, ಮದುವೆಯ ಫೋಟೊ, ಸರ್ಟಿಫಿಕೇಟು, ಹೀಗೆ ಜೀವಮಾನವೆಲ್ಲ ಗಾಜಿನ ಹಿಂದೆ ಏನೇನೋ ಇಟ್ಟು ಮೊಳೆ ಹೊಡೆದವರು. ನಾನು ಚಿತ್ರಗಳನ್ನು ತರಲು ಹೋದಾಗ ಅವನ್ನೆಲ್ಲ ಗೋಡೆಗೆ ಒರಗಿಸಿ ಸಾಲಾಗಿ ಇಟ್ಟಿದ್ದರು.

"ಯಾರು ಮೇಡಂ ಈ ಹುಡುಗ? ಬಹಳ ಮೆಹನತ್ ಮಾಡಿದಾನೆ" ಎಂದರು.

"ಒಬ್ಬನಲ್ಲ ಸಾಹೇಬರೇ. ಹದಿನೆಂಟು ಜನ."

ಅವರು ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು. ಆಮೇಲೆ ಕನ್ನಡಕ ಮೇಲೇರಿಸಿ ಇನ್ನೊಮ್ಮೆ ನೋಡಿದರು. "ಹೆಸರು ಹದಿನೆಂಟು ಇರಬಹುದು ಮೇಡಂ. ಕೈ ಒಂದೇ. ನಂಗೆ ಚಿತ್ರ ಗೊತ್ತಿಲ್ಲ, ಆದ್ರೆ ನೋಡಿ, ಎಲ್ಲಾ ಕಣ್ಣಿನ ಕೆಳಗೂ ಈ ಕೊಕ್ಕೆ ಇದೆಯಲ್ಲ?"

ಬಗ್ಗಿ ನೋಡಿದೆ. ಹದಿನೆಂಟು ಮುಖಗಳ ಮೂವತ್ತಾರು ಕಣ್ಣುಗಳ ಕೆಳಗೂ, ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ತಿರುಗಿದ ಒಂದು ಚಿಕ್ಕ ಗೆರೆ ಇತ್ತು. ಅದು ನನ್ನ ಗೆರೆ. ಧಾರವಾಡದಲ್ಲಿ ನನ್ನ ಗುರುಗಳು ಹಾಕುತ್ತಿದ್ದ ಗೆರೆ.

ಆಟೋದಲ್ಲಿ ಚಿತ್ರಗಳನ್ನು ಹಿಡಿದುಕೊಂಡು ಹೆಬ್ಬಾಳ ದಾಟಿ ಬರುವಷ್ಟು ಹೊತ್ತೂ ಅವನ್ನು ಇನ್ನೊಮ್ಮೆ ನೋಡುವ ಧೈರ್ಯ ಬರಲಿಲ್ಲ. ನೇರವಾಗಿ ನಮ್ಮ ಮುಖ್ಯಸ್ಥರಾಗಿದ್ದ ರಂಗಪ್ಪ ಸರ್ ಹತ್ತಿರ ಹೋದೆ. ಅವರು ಮಾತು ಕಡಿಮೆಯ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ, "ಹೌದು, ನಂಗೆ ಗೊತ್ತಿತ್ತು" ಎಂದರು.

"ಗೊತ್ತಿದ್ದೂ ಮೂರು ವರ್ಷ ಸುಮ್ಮನಿದ್ರಾ ಸರ್?"

"ನಾನು ಹೇಳಿದ್ದಿದ್ರೆ ನನ್ ಮಾತಿಗೋಸ್ಕರ ಬಿಡ್ತಿದ್ರಿ ಶಾರದಮ್ಮ. ಆರು ತಿಂಗಳಾದ್ಮೇಲೆ ಮತ್ತೆ ಶುರು ಮಾಡ್ತಿದ್ರಿ. ನಿಮ್ಗೇ ಕಾಣ್ಲಿ ಅಂತಿದ್ದೆ." ಆಮೇಲೆ, "ನಾಳೆಯಿಂದ ಪೆನ್ಸಿಲ್ ಸ್ಟಾಫ್ ರೂಮಲ್ಲಿ ಇಟ್ಟು ಕ್ಲಾಸಿಗೆ ಹೋಗಿ" ಎಂದರು.

ಕೇಳಲು ಸುಲಭ. ಮರುದಿನ ಖಾಲಿ ಕೈಯಲ್ಲಿ ತರಗತಿಗೆ ಹೋದಾಗ ನನ್ನ ಬೆರಳುಗಳು ಸುಮ್ಮನಿರಲಿಲ್ಲ. ಕತ್ತು ಭುಜಕ್ಕೆ ಕೂಡದೆ ಗಾಳಿಯಲ್ಲಿ ತೇಲುತ್ತಿದ್ದರೂ ಮುಟ್ಟುವಂತಿಲ್ಲ. ಮುಟ್ಟದಿದ್ದರೆ ಬಾಯಿಂದ ಹೇಳಬೇಕು, ಹೇಳಬೇಕಾದರೆ ನೋಡಬೇಕು. ಮೂರು ವರ್ಷ ನಾನು ತಪ್ಪುಗಳನ್ನು ಮಾತ್ರ ನೋಡಿದ್ದೆ, ಅವರ ಚಿತ್ರಗಳನ್ನು ನೋಡಿರಲಿಲ್ಲ ಎಂದು ಆಗ ತಿಳಿಯಿತು. ಎರಡು ವಾರವಾದ ಮೇಲೆ ಒಬ್ಬ ಹುಡುಗಿ ಅಳುತ್ತಾ ಬಂದಳು. "ಮೇಡಂ, ನನ್ ಡ್ರಾಯಿಂಗ್ ಅಷ್ಟು ಕೆಟ್ಟದಾಗಿದ್ಯಾ? ನೀವು ಮುಟ್ಟೋದೇ ಇಲ್ವಲ್ಲ" ಎಂದಳು. "ನನ್ನ ಕೈಗೇ ರೋಗ ಬಂದೈತಿ ಅಮ್ಮಾ" ಎಂದೆ. ಅವಳು ನಂಬಿಬಿಟ್ಟಳು. ಮರುದಿನ ಯಾವುದೋ ಮುಲಾಮು ತಂದುಕೊಟ್ಟಳು.

ಮುಂದಿನ ವರ್ಷದ ಪ್ರದರ್ಶನ ನೋಡಲು ಚೆನ್ನಾಗಿರಲಿಲ್ಲ. ಕೈ ಚಿಕ್ಕದು, ತಲೆ ದೊಡ್ಡದು, ಒಬ್ಬನ ಚಿತ್ರದಲ್ಲಂತೂ ಕುರ್ಚಿಗೆ ಮೂರೇ ಕಾಲು. ಆಡಳಿತ ಮಂಡಳಿಯವರೊಬ್ಬರು ಸುತ್ತು ಹಾಕಿ, "ಏನ್ರೀ ರಂಗಪ್ಪ, ಹೋದ್ ವರ್ಷ ಎಷ್ಟ್ ಚೆನ್ನಾಗಿತ್ತು, ಈ ಸಲ ಏನಾಯ್ತು?" ಎಂದು ಕೇಳಿದರು. ನಾನು ಪಕ್ಕದಲ್ಲೇ ತಲೆತಗ್ಗಿಸಿ ನಿಂತಿದ್ದೆ. ರಂಗಪ್ಪ ಸರ್ ಶಾಂತವಾಗಿ, "ಈ ಸಲ ಹುಡುಗ್ರು ಬರ್ದಿದ್ದಾರೆ ಸರ್" ಎಂದರು. ನನ್ನ ಹೆಸರು ಎತ್ತಲಿಲ್ಲ. ಆ ಒಂದು ಮಾತಿಗೆ ನಾನು ಅವರಿಗೆ ಕೊನೆಯವರೆಗೂ ಋಣಿ.

ಕೈ ಹಿಂದಕ್ಕೆ ತೆಗೆದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಕೈಗಿಂತ ಬಾಯಿ ದೊಡ್ಡ ಅಪಾಯ ಎಂದು ಕಲಿಸಿದವಳು ಮುನಿಲಕ್ಷ್ಮಿ.

ಅವಳು ಬಂದದ್ದು ಎಷ್ಟೋ ವರ್ಷಗಳ ನಂತರ. ಕೊಡಿಗೇಹಳ್ಳಿಯ ಹಳೆಯ ಮನೆತನದ ಹುಡುಗಿ. ಅವರ ತಾತನ ಕಾಲದಲ್ಲಿ ಹೊಲವಿತ್ತಂತೆ. ಅವಳ ತಂದೆ ಮುನಿಯಪ್ಪನವರದು ನೀರಿನ ಟ್ಯಾಂಕರು. ಸ್ವಂತದ ಒಂದು ಗಾಡಿ ಇಟ್ಟುಕೊಂಡು ಅಪಾರ್ಟ್‌ಮೆಂಟುಗಳಿಗೆ ನೀರು ಹಾಕುತ್ತಿದ್ದರು. ಮುನಿಲಕ್ಷ್ಮಿ ತರಗತಿಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಮೊದಲ ವಾರ "ಎಂಗೆ ಬರೀಬೇಕು ಮೇಡಂ?" ಎಂದು ಕೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದಿದ್ದರು. ಆಮೇಲೆ ಅವಳು ಬಾಯಿ ಮುಚ್ಚಿಕೊಂಡಳು. ಪಕ್ಕದವರು ಕ್ಯಾನ್ವಾಸಿನ ಮೇಲೆ ಬಣ್ಣ ಎರಚಿದರೆ ತಾನೂ ಎರಚುತ್ತಿದ್ದಳು. ಅದು ಅವಳಿಗೆ ಒಗ್ಗುವುದಿಲ್ಲ ಎಂದು ನನಗೆ ಕಾಣುತ್ತಿತ್ತು.

ಒಂದು ದಿನ ಅವಳನ್ನು ಕೂರಿಸಿಕೊಂಡು, "ಬೇರೆಯವರನ್ನ ನೋಡಿ ಯಾಕೆ ಬರೀತೀಯಮ್ಮ? ನಿನಗೆ ನಿನ್ನದೇ ಲೋಕ ಇದೆ. ಹಸು, ಕೊಟ್ಟಿಗೆ, ಅಂಗಳದ ರಂಗೋಲಿ, ನಿಮ್ಮಜ್ಜಿ. ಈ ಪಟ್ಟಣದ ಮಕ್ಕಳಿಗೆ ಅದು ಎಲ್ಲಿ ಸಿಗಬೇಕು? ಅದನ್ನು ಬರಿ" ಎಂದೆ. ತುಂಬ ಒಳ್ಳೆಯ ಮಾತು ಹೇಳಿದೆ ಎಂದು ನನಗೆ ನನ್ನ ಮೇಲೆಯೇ ಮೆಚ್ಚಿಕೆಯಾಗಿತ್ತು.

ಅವಳು ಬರೆದಳು. ಬೂದು ಬಣ್ಣದ ದೊಡ್ಡ ದೊಡ್ಡ ಹಸುಗಳು, ಅವುಗಳ ಮೈಮೇಲೆ ರಂಗೋಲಿಯ ಚುಕ್ಕಿ. ಎಲ್ಲರಿಗೂ ಹಿಡಿಸಿತು. ವಿದ್ಯಾರ್ಥಿಗಳ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂತು. ಯಾರೋ ತಮ್ಮ ಮನೆಯ ಹಾಲಿಗೆ ಒಂದು ಬೇಕೆಂದರು. ಹಸು ಬರೆಯುವ ಹುಡುಗಿ ಎಂದರೆ ಕಾಲೇಜಿಗೆಲ್ಲ ಗೊತ್ತಾಯಿತು. ಎರಡು ವರ್ಷ ಹೀಗೆ ನಡೆಯಿತು. ಹೊಸ ಅಧ್ಯಾಪಕರಿಗೆ ನಾನೇ ಅವಳ ಉದಾಹರಣೆ ಕೊಡುತ್ತಿದ್ದೆ. ನೋಡಿ, ಒಂದು ಮಗುವಿಗೆ ತನ್ನತನ ಸಿಕ್ಕರೆ ಹೇಗೆ ಅರಳುತ್ತದೆ ಎಂದು.

ಕೊನೆಯ ವರ್ಷದ ಪ್ರದರ್ಶನಕ್ಕೆ ಎರಡು ತಿಂಗಳಿತ್ತು. ಊಟದ ವೇಳೆ ಮುಗಿದು ಸ್ಟಾಫ್ ರೂಮಿನಲ್ಲಿ ನಾನೊಬ್ಬಳೇ ಇದ್ದಾಗ ಮುನಿಲಕ್ಷ್ಮಿ ಬಂದು ಬಾಗಿಲ ಹತ್ತಿರವೇ ನಿಂತಳು.

"ಮೇಡಂ, ಆ ಹಸುಗಳ್ನ ಫೈನಲ್‌ಗೆ ಇಡಲ್ಲ ನಾನು."

"ಯಾಕೆ, ಏನಾಯ್ತು?"

"ನಾನು ಉಟ್ಟೋಕ್ ಮುಂಚೇನೇ ನಮ್ಮನೆ ಹಸು ಮಾರ್ಬುಟ್ಟಿದ್ರು. ನಾನು ಕೊಟ್ಟಿಗೇನೇ ನೋಡಿಲ್ಲ. ಅದಿದ್ದ ಜಾಗ್ದಾಗೆ ಈಗ ಮೊಬೈಲ್ ಅಂಗ್ಡಿ ಐತೆ. ಎಲ್ಲಾ ಗೂಗಲ್‌ನಾಗೆ ನೋಡ್ಕೊಂಡು ಬರ್ದಿದ್ದು ಮೇಡಂ."

ನನಗೆ ಸಿಟ್ಟು ಬಂತು. ನಿಜ ಹೇಳಬೇಕಾದರೆ ಅವಳ ಮೇಲೆ ಬಂತು. "ಮತ್ತೆ ಎರಡು ವರ್ಷ ಯಾಕೆ ಹೇಳ್ಲಿಲ್ಲ?"

"ನೀವು ಅಷ್ಟ್ ಖುಷಿಯಾಗಿದ್ರಿ. ಎಂಗೆ ಯೋಳ್ಲಿ?"

"ಈಗ ಎರಡೇ ತಿಂಗಳಿದೆ. ಸುಮ್ಮನೆ ಇರೋದನ್ನೇ ಇಡು, ಫಸ್ಟ್ ಕ್ಲಾಸ್ ಬರುತ್ತೆ. ಆಮೇಲೆ ಏನು ಬೇಕಾದರೂ ಬರಿ" ಎಂದುಬಿಟ್ಟೆ. ಅವಳು ತಲೆಯಾಡಿಸಿ ಹೋದಳು. ಎರಡು ವರ್ಷದ ಹಿಂದೆ ಹಸು ಬರಿ ಎಂದಾಗಲೂ ಅವಳು ಹೀಗೆಯೇ ತಲೆಯಾಡಿಸಿದ್ದಳು. ಆಗ ಅದನ್ನು ನಾನು ಉತ್ಸಾಹ ಎಂದುಕೊಂಡಿದ್ದೆ. ಅವಳ ಮಾತು ಕೇಳಿ, ಅವಳ ಊರಿನ ಹೆಸರು ಕೇಳಿ, ಅವಳು ಯಾರೆಂದು ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಹಿಂದಿನ ಸಾಲಿನಲ್ಲಿ ಕಿಸಕ್ಕೆಂದವರಿಗೂ ನನಗೂ ವ್ಯತ್ಯಾಸವೇನು? ಅವರು ನಕ್ಕರು, ನಾನು ಮೆಚ್ಚಿದೆ. ಇಬ್ಬರೂ ಅವಳ ಕಡೆ ಸರಿಯಾಗಿ ನೋಡಲಿಲ್ಲ.

ಮರುದಿನ ಅವಳನ್ನು ಕರೆಸಿ, "ನಿನ್ನ ರಫ್ ಪುಸ್ತಕ ಎಲ್ಲಾ ತಗೊಂಡು ಬಾ" ಎಂದೆ. ಏಳೆಂಟು ಪುಸ್ತಕ ತಂದಳು. ಮುಂದಿನ ಪುಟಗಳಲ್ಲಿ ತರಗತಿಯ ಅಭ್ಯಾಸಗಳಿದ್ದವು. ಹಿಂದಿನಿಂದ ತೆರೆದರೆ ಬೇರೆಯೇ ಚಿತ್ರಗಳು. ಮೊದಲು ಏನೆಂದೇ ಗೊತ್ತಾಗಲಿಲ್ಲ. ಆನೆಯ ಚರ್ಮದ ಹಾಗೆ ಸುಕ್ಕು, ಅದರ ಮೇಲೆ ಒಂದು ಗಾಯದ ಗುರುತು. ಪುಸ್ತಕ ದೂರ ಹಿಡಿದಾಗ ತಿಳಿಯಿತು, ಅದು ಟ್ಯಾಂಕರಿನ ದಪ್ಪ ಪೈಪು, ತೂತಾದ ಕಡೆ ಟ್ಯೂಬು ಸುತ್ತಿ ಕಟ್ಟಿದ್ದಾರೆ. ಇನ್ನೊಂದು ಪುಟದಲ್ಲಿ ವಾಲ್ವಿನ ತಿರುಪು. ಇನ್ನೊಂದರಲ್ಲಿ ಟ್ಯಾಂಕರಿನ ಹೊಟ್ಟೆಯ ನೆಗ್ಗು ಮಾತ್ರ, ಹಾಳೆಯ ಅಂಚಿನಿಂದ ಅಂಚಿನವರೆಗೆ. ಎಲ್ಲೂ ಆಕಾಶವಿಲ್ಲ, ನೆಲವಿಲ್ಲ. ಮೂಗು ತಾಗುವಷ್ಟು ಹತ್ತಿರ ನಿಂತು ಬರೆದ ಹಾಗಿತ್ತು.

"ಇವು ಯಾವಾಗ ಬರೆದದ್ದು?"

"ಬೆಳಿಗ್ಗೆ ಅಪ್ಪನ ಟ್ಯಾಂಕರ್‌ನಾಗೇ ಬರ್ತೀನಲ್ಲ ಮೇಡಂ. ಬೋರ್‌ವೆಲ್ ತಾವ ನೀರು ತುಂಬೋಗಂಟ ಕಾಯ್ಬೇಕು. ಎದ್ರಿಗೆ ಅದೇ ಇರ್ತದೆ, ಬರೀತೀನಿ." ಪುಸ್ತಕ ಮುಚ್ಚಲು ಕೈ ಚಾಚಿ, "ಇವು ಚಿತ್ರ ಅಲ್ಲ ಮೇಡಂ, ಸುಮ್ಕೆ" ಎಂದಳು.

ಪುಸ್ತಕಗಳನ್ನು ರಂಗಪ್ಪ ಸರ್‌ಗೆ ತೋರಿಸಿದೆ. ಅದು ಅವರ ನಿವೃತ್ತಿಯ ವರ್ಷ. ಒಂದೊಂದೇ ಪುಟ ತಿರುಗಿಸುತ್ತಾ ಅರ್ಧ ಗಂಟೆ ನೋಡಿದರು. "ದೊಡ್ಡ ಹಾಳೆ ಕೊಡಿ ಅವಳಿಗೆ. ನೀವು ಆ ಕಡೆ ಹೋಗ್ಬೇಡಿ" ಎಂದರು. ಹೋಗಲಿಲ್ಲ. ಎರಡು ತಿಂಗಳು ಅವಳು ಹಿಂದಿನ ಶೆಡ್ಡಿನಲ್ಲಿ ಗೋಡೆಯಷ್ಟು ದೊಡ್ಡ ಹಾಳೆಗಳ ಮೇಲೆ ಇದ್ದಿಲಿನಲ್ಲಿ ಬರೆದಳು. ಟ್ಯಾಂಕರಿನ ತುಕ್ಕು ಕೆರೆದು ತಂದು, ಗೋಂದಿನಲ್ಲಿ ಕಲಸಿ, ಅದನ್ನೇ ಬಣ್ಣ ಮಾಡಿಕೊಂಡಳು. ನಾನು ಶೆಡ್ಡಿನ ಕಡೆ ಹೋಗಬಾರದೆಂದು ಕ್ಯಾಂಟೀನಿಗೂ ಸುತ್ತುಬಳಸಿ ಹೋಗುತ್ತಿದ್ದೆ.

ಹೊರಗಿನಿಂದ ಬಂದ ಪರೀಕ್ಷಕರು ಅವಳ ಚಿತ್ರಗಳ ಮುಂದೆ ನಿಂತು, "ಆ ಹಸುಗಳ ಸೀರೀಸ್ ಎಲ್ಲಿ?" ಎಂದು ಕೇಳಿದರು. ಅವಳು, "ಅವು ನನ್ನವಲ್ಲ ಸರ್" ಎಂದಳು. ಅವರಿಗೆ ಅರ್ಥವಾಗಲಿಲ್ಲ. ಸೆಕೆಂಡ್ ಕ್ಲಾಸ್ ಬಂತು. ಹಸುಗಳನ್ನು ಇಟ್ಟಿದ್ದರೆ ಖಂಡಿತ ಫಸ್ಟ್ ಕ್ಲಾಸ್. ಈ ಲೆಕ್ಕವನ್ನು ಹೊಸ ಮೇಷ್ಟರುಗಳು ತಿಳಿದಿರಬೇಕು. ತನ್ನದನ್ನು ಕಂಡುಕೊಂಡ ತಕ್ಷಣ ಚಪ್ಪಾಳೆ ಬೀಳುವುದಿಲ್ಲ. ಹಲವು ಸಲ ಇದ್ದ ಚಪ್ಪಾಳೆಯೂ ನಿಲ್ಲುತ್ತದೆ.

ಪ್ರದರ್ಶನದ ಕೊನೆಯ ದಿನ ಮುನಿಯಪ್ಪನವರು ಬಂದರು. ಟ್ಯಾಂಕರನ್ನು ಗೇಟಿನ ಹೊರಗೆ ನಿಲ್ಲಿಸಿ, ಚಪ್ಪಲಿ ಬಾಗಿಲಲ್ಲಿ ಬಿಟ್ಟು ಒಳಗೆ ಬಂದರು. ಬಿಡಬೇಡಿ ಎಂದರೂ ಕೇಳಲಿಲ್ಲ. ಮಗಳು ಪಕ್ಕದಲ್ಲಿ ಉಗುರು ಕಚ್ಚುತ್ತಾ ನಿಂತಿದ್ದಳು. ಅವರು ವಾಲ್ವಿನ ಚಿತ್ರದ ಮುಂದೆ ನಿಂತು ತುಂಬ ಹೊತ್ತು ನೋಡಿದರು. ಆಮೇಲೆ ಬೆರಳು ತೋರಿಸಿ, "ನೋಡಿ ಮೇಡಮ್ಮೋರೆ, ಇದು ಇಲ್ಲಿ ಒಸರ್ತದೆ. ವಾಷರ್ ಎಷ್ಟ್ ಸಲ ಹಾಕುದ್ರೂ ನಿಲ್ಲಲ್ಲ. ಯಾರ್ಗೂ ಕಾಣಾಕಿಲ್ಲ ಅದು, ನಂಗೊಬ್ಬಂಗೇ ಗೊತ್ತು ಅನ್ಕೊಂಡಿದ್ದೆ. ಅದ್ನೂ ಬರ್ದವ್ಳೆ" ಎಂದರು. ಮಗಳು ಉಗುರು ಕಚ್ಚುವುದನ್ನು ಬಿಟ್ಟಳು.

ಮುನಿಲಕ್ಷ್ಮಿ ಈಗ ಕೊಡಿಗೇಹಳ್ಳಿಯಲ್ಲೇ ಒಂದು ಶಾಲೆಯಲ್ಲಿ ಡ್ರಾಯಿಂಗ್ ಟೀಚರು. ರಜೆಯಲ್ಲಿ ಚಿತ್ರ ಬರೆಯುತ್ತಾಳೆ, ಎರಡು ಮೂರು ಕಡೆ ಪ್ರದರ್ಶನ ಮಾಡಿದ್ದಾಳೆ. ಪೈಪುಗಳನ್ನು ಬಿಟ್ಟು ಎಷ್ಟೋ ಕಾಲವಾಯಿತು. ಈಚೆಗೆ ನೋಡಿದಾಗ ಹಲಸಿನಹಣ್ಣಿನ ಸಿಪ್ಪೆ ಬರೆಯುತ್ತಿದ್ದಳು. ಆದರೆ ಸಹಿ ಇಲ್ಲದಿದ್ದರೂ ಅವಳದೆಂದು ಹೇಳಬಲ್ಲೆ. ಅದೇ ಮೂಗು ತಾಗುವಷ್ಟು ಹತ್ತಿರ. ಏನನ್ನು ಬರೆಯಬೇಕೆಂದು ನಾನು ಹೇಳಿಕೊಟ್ಟಿದ್ದೆ. ಆದರೆ ಶೈಲಿಯೆನ್ನುವುದು ಅವಳು ನಿಲ್ಲುವ ಜಾಗದಲ್ಲಿತ್ತು.

ಇಷ್ಟು ಕಲಿತ ಮೇಲೆ ಮತ್ತೆ ತಪ್ಪು ಮಾಡಲಾರೆ ಎಂದು ನಾನು ಅಂದುಕೊಂಡಿದ್ದೆ. ಆದರೆ ನಾನು ಮಾಡಿದ ಎಲ್ಲಕ್ಕಿಂತ ದೊಡ್ಡ ತಪ್ಪು ಆಮೇಲಿನದು.

ಆಗ ರಂಗಪ್ಪ ಸರ್ ಜಾಗದಲ್ಲಿ ನಾನಿದ್ದೆ. ಕಾಲ ಬದಲಾಗಿತ್ತು. ಹುಡುಗರು ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಪೆನ್ಸಿಲ್ ಹಿಡಿದು ಬರೆಯುತ್ತಿದ್ದರು. ಮಾಡೆಲ್ ಎದುರಿಗೆ ಕೂತಿದ್ದರೂ ಅವರ ಫೋಟೊ ತೆಗೆದು, ಫೋಟೊ ನೋಡಿ ಬರೆಯುತ್ತಿದ್ದರು. ನಾನು ಬೈದೆ, ಫೋನ್ ಇಸಿದುಕೊಂಡೆ, ಏನೂ ಆಗಲಿಲ್ಲ. ಆ ವರ್ಷಗಳಲ್ಲಿ ಕುಷ್ಟಗಿ ಕಡೆಯಿಂದ ಈರಣ್ಣ ಎಂಬ ಹುಡುಗ ಬಂದ. ಆರ್.ಟಿ. ನಗರದಲ್ಲಿ ನಾಲ್ಕು ಜನರ ಜೊತೆ ರೂಮು ಮಾಡಿಕೊಂಡಿದ್ದ. ನಮ್ಮ ಕಡೆಯ ಮಾತು ಕೇಳಿ ನನಗೆ ಅವನ ಮೇಲೆ ಸ್ವಲ್ಪ ಹೆಚ್ಚೇ ಅಕ್ಕರೆಯಿತ್ತು. ಹಾಗಾಗಿ ನಿರೀಕ್ಷೆಯೂ ಹೆಚ್ಚಿತ್ತು.

ಅವನು ಬರೆಯುತ್ತಿದ್ದದ್ದು ಒಂದೇ ಬಗೆ. ಗಾಜಿನ ಗೋಲಿಯಂಥ ದೊಡ್ಡ ಕಣ್ಣಿನ ಹುಡುಗಿಯರು, ಕೆನ್ನೆಯ ಮೇಲೆ ಬೆಳಕು, ಹಾರುವ ಕೂದಲು. ಫೋನಿನಲ್ಲಿ ಸಾವಿರಾರು ಜನ ಅದನ್ನು ಮೆಚ್ಚುತ್ತಿದ್ದರಂತೆ. ಅಂಥ ಚಿತ್ರಗಳು ಎಲ್ಲರ ಫೋನಿನಲ್ಲೂ ಇದ್ದವು. ಬಿಡು ಎಂದು ಒಳ್ಳೆಯ ಮಾತಿನಲ್ಲಿ ಹೇಳಿದೆ. ಅವನು "ಹೂನ್ರಿ ಮೇಡಂ" ಎಂದು ಮತ್ತೆ ಅದನ್ನೇ ಬರೆದು ತಂದ.

ವರ್ಷದ ನಡುವಿನ ಮೌಲ್ಯಮಾಪನದ ದಿನ ಇಡೀ ತರಗತಿ ಸೇರಿತ್ತು. ಅವನ ಸರದಿ ಬಂದಾಗ ಗೋಡೆಯ ಮೇಲೆ ಹನ್ನೆರಡು ಮುಖಗಳು, ಹನ್ನೆರಡೂ ಒಂದೇ. ನಾನು ಯಾರದೋ ಫೋನ್ ಇಸಿದುಕೊಂಡು, ಅಂಥವೇ ನಾಲ್ಕೈದು ಚಿತ್ರ ತೆಗೆದು, ಅವನ ಚಿತ್ರದ ಪಕ್ಕ ಹಿಡಿದೆ. "ಈರಣ್ಣ, ಇದರಾಗ ನಿಂದು ಯಾವುದಪಾ? ನನಗಂತೂ ಗುರ್ತ ಹತ್ತವಲ್ದು. ನಿನಗರ ಹತ್ತತೈತೇನು?" ಎಂದೆ.

ತರಗತಿ ಗೊಳ್ಳೆಂದು ನಕ್ಕಿತು. ಈರಣ್ಣನೂ ನಕ್ಕ. ಅವನು ನಕ್ಕಿದ್ದರಿಂದ ಏನೂ ಆಗಿಲ್ಲವೆಂದು ನಾನು ಮುಂದಿನ ಹುಡುಗನ ಹತ್ತಿರ ಹೋದೆ.

ಸೋಮವಾರ ಅವನು ಬರಲಿಲ್ಲ. ಆ ವಾರ ಬರಲಿಲ್ಲ. ಮೂರು ವಾರವಾದ ಮೇಲೆ ಆರ್.ಟಿ. ನಗರದ ಅವನ ರೂಮಿಗೆ ಹೋದೆ. ಜೊತೆಯಲ್ಲಿದ್ದವನು ಬಾಗಿಲು ತೆರೆದು, "ಅವ್ನು ಖಾಲಿ ಮಾಡ್ಕೊಂಡ್ ಹೋದ ಮೇಡಂ. ಎಲ್ಲಿಗೆ ಅಂತ ಹೇಳ್ಲಿಲ್ಲ" ಎಂದ. ಅವನ ಫೋನ್ ನಂಬರು ಬದಲಾಗಿತ್ತು. ಆ ಅವಧಿ ಮುಗಿಯುವವರೆಗೆ ಹಾಜರಿ ಪುಸ್ತಕದಲ್ಲಿ ಹೆಸರು ಉಳಿಸಿಕೊಂಡೆ. ಆಮೇಲೆ ಹೊಡೆದುಹಾಕಬೇಕಾಯಿತು.

ಬೇಸಿಗೆ ರಜೆಯಲ್ಲಿ ಲಾಕರುಗಳನ್ನು ಖಾಲಿ ಮಾಡಿಸುವಾಗ ಅವನ ಚಿತ್ರಗಳ ಕಟ್ಟು ಸಿಕ್ಕಿತು. ಎಸೆಯಲು ಮನಸ್ಸು ಬಾರದೆ ಮೇಜಿನ ಮೇಲೆ ಹರಡಿದೆ. ಮುಖಗಳನ್ನು ನೋಡಿ ನೋಡಿ ಸಾಕಾಗಿದ್ದರಿಂದಲೋ ಏನೋ, ಆ ದಿನ ಕಣ್ಣು ಮುಖದ ಹಿಂದಕ್ಕೆ ಹೋಯಿತು. ಪ್ರತಿ ಹುಡುಗಿಯ ಹಿಂದೆಯೂ ಒಂದು ಕಿಟಕಿಯಿತ್ತು. ಒಂದೊಂದು ಕಿಟಕಿಗೂ ಒಂದೊಂದು ಬಗೆಯ ಕಬ್ಬಿಣದ ಗ್ರಿಲ್. ಒಂದರಲ್ಲಿ ಹೂವು, ಒಂದರಲ್ಲಿ ಸೂರ್ಯ, ಒಂದರಲ್ಲಿ ಬರಿಯ ಚೌಕ. ಒಂದಕ್ಕೆ ತಂತಿ ಸುತ್ತಿ ರಿಪೇರಿ ಮಾಡಿದ್ದು, ಒಂದಕ್ಕೆ ಒಣಗಲು ಹಾಕಿದ ಟವೆಲು. ಆರ್.ಟಿ. ನಗರದ ಬೀದಿಗಳಲ್ಲಿ ನಿಂತು ನೋಡಿ ಬರೆದ ಕಿಟಕಿಗಳು. ಎಷ್ಟು ಹದವಾದ ಗೆರೆ, ಎಷ್ಟು ಸಾವಧಾನ! ಮುಖ ಫೋನಿನದು. ಕಿಟಕಿ ಅವನದು. ಹನ್ನೆರಡು ಚಿತ್ರಗಳೂ ನನ್ನ ಮುಂದೆ ಒಂದು ಗಂಟೆ ಗೋಡೆಯ ಮೇಲಿದ್ದವು. ನಿನ್ನದು ಯಾವುದು ಎಂದು ಕೇಳಿದವಳು ನಾನು, ಕಾಣದೇ ಹೋದವಳೂ ನಾನು.

ಆಗಲೇ ಅವನನ್ನು ಹುಡುಕಬಹುದಿತ್ತು. ಊರಿನ ವಿಳಾಸ ಕಚೇರಿಯಲ್ಲಿತ್ತು. ಹುಡುಕಲಿಲ್ಲ ಎಂಬುದೇ ನಿಜ. ಕೆಲಸ ಹೆಚ್ಚು ಎಂದು ನನಗೆ ನಾನೇ ಹೇಳಿಕೊಂಡೆ. ಅವನ ಮುಖ ನೋಡುವುದಕ್ಕೆ ಹೆದರಿಕೆಯಿತ್ತು.

ನಿವೃತ್ತಳಾದ ಮೇಲೆ, ಹಳೆಯ ವಿದ್ಯಾರ್ಥಿಯೊಬ್ಬ ಮಾತಿಗೆ ಮಾತು ಬಂದು, "ಈರಣ್ಣ ನಾಗಸಂದ್ರದ ಹತ್ರ ಫ್ಲೆಕ್ಸ್ ಪ್ರಿಂಟಿಂಗ್ ಮಾಡೋ ಕಡೆ ಇದಾನೆ ಮೇಡಂ" ಎಂದ. ಎರಡು ದಿನ ಯೋಚನೆ ಮಾಡಿ, ಮೂರನೆಯ ದಿನ ಬೆಳಿಗ್ಗೆ ಯಶವಂತಪುರದವರೆಗೆ ಬಸ್ಸಿನಲ್ಲಿ ಹೋಗಿ ಮೆಟ್ರೊ ಹತ್ತಿದೆ. ನಿಲ್ದಾಣದಿಂದ ಐದು ನಿಮಿಷದ ದಾರಿ. ಬಣ್ಣದ ವಾಸನೆಯ ಉದ್ದನೆಯ ಕೋಣೆ, ದೊಡ್ಡ ಯಂತ್ರ, ಮೂಲೆಯಲ್ಲಿ ಎರಡು ಕಂಪ್ಯೂಟರು. ಅದರ ಮುಂದೆ ಕೂತಿದ್ದವನು ತಿರುಗಿ ನೋಡಿ ತಟ್ಟನೆ ಎದ್ದುನಿಂತ. ಸ್ವಲ್ಪ ದಪ್ಪಗಾಗಿದ್ದ, ಗಡ್ಡ ಬಿಟ್ಟಿದ್ದ.

"ಮೇಡಂ! ನೀವ್ಯಾಕ್ ಬಂದ್ರಿ ಇಲ್ಲೀತನಾ? ಕುಂದರ್ರಿ, ಕುಂದರ್ರಿ." ಕುರ್ಚಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದ. ಚಹ ತರಿಸಿದ. ಬ್ಯಾನರು, ಅಂಗಡಿಯ ಬೋರ್ಡು, ಹುಟ್ಟುಹಬ್ಬದ ಫ್ಲೆಕ್ಸು, ಹೀಗೆ ತನ್ನ ಕೆಲಸ ತೋರಿಸಿದ. "ಈಗ ಗಿರಾಕಿಗೋಳು ತಾವೇ ಚಿತ್ರ ತಯಾರ್ ಮಾಡ್ಕೊಂಡ್ ಬರ್ತಾರ್ರಿ. ಫೋನಿಗೆ ಹೇಳಿದ್ರ ಅದ ಬರದ್ ಕೊಡತೈತಲ್ರಿ. ನಾ ಬರೇ ಅಕ್ಷರ ಕೂಡಸೂದು."

"ನೀನು ಬರೀತೀಯೇನಪಾ?"

"ಎಲ್ಲೀದ್ರಿ ಮೇಡಂ. ಟೈಮ ಆಗಂಗಿಲ್ಲ."

ನಾನು ಬಸ್ಸಿನಲ್ಲಿ ಕೂಡಿಸಿಟ್ಟುಕೊಂಡಿದ್ದ ಮಾತುಗಳು ಒಂದೂ ನೆನಪಿಗೆ ಬರಲಿಲ್ಲ. "ಈರಣ್ಣ, ಅವತ್ತ ಎಲ್ಲಾರ ಮುಂದ ನಿನಗ ಹಂಗ ಅನ್ನಬಾರದಿತ್ತು. ತಪ್ಪಾತು. ಅದನ್ನ ಹೇಳಾಕ ಬಂದೇನಿ" ಎಂದೆ.

ಅವನು ನಕ್ಕ. ತರಗತಿಯಲ್ಲಿ ನಕ್ಕ ಹಾಗೆಯೇ. "ಅಯ್ಯ, ಅದ್ಯಾವಾಗಿಂದ್ರಿ ಮೇಡಂ! ನಾ ಮರ್ತ ಬಿಟ್ಟೇನ್ರಿ."

ಯಂತ್ರದಿಂದ ಒಂದು ಫ್ಲೆಕ್ಸು ನಿಧಾನವಾಗಿ ಹೊರಗೆ ಬರುತ್ತಿತ್ತು. ಅವನು ಅದರ ಕಡೆ ನೋಡುತ್ತಾ ಕೂತ. ಅದು ಪೂರ್ತಿ ಬರುವಷ್ಟು ಹೊತ್ತಾದ ಮೇಲೆ, ಆ ಕಡೆಯೇ ನೋಡುತ್ತಾ, "ಮರ್ತಿಲ್ರಿ" ಎಂದ.

ಅವನು ಮುಂದುವರಿಸಿದ. "ನಮ್ಮೂರಾಗ ಚಿತ್ರ ಬರಿಯವ್ರು ಯಾರೂ ಇದ್ದಿಲ್ರಿ. ನಾ ಆ ಫೋನ್ ನೋಡೇ ಕಲತದ್ದು. ಅದ ನನ್ನ ಮಾಸ್ತರ ಇತ್ತು. ನೀವು ಅದಕ್ಕ ನಕ್ರಿ."

ಧಾರವಾಡದಲ್ಲಿ ನಾನು ನನ್ನ ಗುರುಗಳ ಗೆರೆ ನೋಡಿಯೇ ಕಲಿತೆ, ವರ್ಷಗಟ್ಟಲೆ ಅದನ್ನೇ ಹಾಕಿದೆ. ಯಾರೂ ನನ್ನನ್ನು ನೋಡಿ ನಗಲಿಲ್ಲ. ಅದನ್ನೇ ಅವನಿಗೆ ಹೇಳಿದೆ. ಆಮೇಲೆ ಕಿಟಕಿಗಳ ಮಾತು ಹೇಳಿದೆ, ಆ ಕಟ್ಟು ನನ್ನ ಮನೆಯಲ್ಲಿದೆ ಎಂದೂ ಹೇಳಿದೆ. ಅವನು, "ಅವು ಹಿಂದಿನ ಜಾಗಾ ತುಂಬ್ಸಾಕ ಹಾಕಿದ್ವು ಬಿಡ್ರಿ" ಎಂದ. ಆದರೆ ಏಳುವಾಗ, "ಸೂರ್ಯನ ಗ್ರಿಲ್ ಇದ್ದ ಮನಿ ಕೆಡವಿದ್ರಂತ್ರಿ" ಎಂದ.

ಮೆಟ್ರೊ ನಿಲ್ದಾಣದವರೆಗೆ ಬಂದ. ಮತ್ತೆ ಬರೆಯಲು ಶುರು ಮಾಡು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. "ಆಯ್ತವಾರ ರಜಾ ಇರತೈತಿಲ್ಲ? ಊಟಕ್ಕ ಬಾ" ಎಂದಷ್ಟೇ ಹೇಳಿದೆ.

ಬರಲಾರನೆಂದುಕೊಂಡಿದ್ದೆ. ಬಂದ. ಜೋಳದ ರೊಟ್ಟಿ, ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ ಮಾಡಿದ್ದೆ. ನನ್ನ ಯಜಮಾನರೂ ಅವನೂ ಬಿಸಿಲು, ಮಳೆ, ಬೆಂಗಳೂರಿನ ಟ್ರಾಫಿಕ್ಕು ಎಂದು ಏನೇನೋ ಮಾತಾಡಿದರು. ಅವನ ಕಟ್ಟನ್ನು ಅಲಮಾರಿಯಿಂದ ತೆಗೆದು ಕುರ್ಚಿಯ ಪಕ್ಕ ಇಟ್ಟಿದ್ದೆ. ಅವನು ಅದನ್ನು ನೋಡಿದ, ಬಿಚ್ಚಲಿಲ್ಲ. ನಾನೂ ಬಿಚ್ಚು ಎನ್ನಲಿಲ್ಲ. ಚಿತ್ರದ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಹೋದವನು ಅಲ್ಲೇ ನಿಂತ.

"ಮೇಡಂ, ನಿಮ್ಮ ಹಂತ್ಯಾಕ ದಪ್ಪನ ಹಾಳಿ ಇದ್ರ ಒಂದೆರಡು ಕೊಡ್ತೀರೇನ್ರಿ?"

ಒಳಗೆ ಹೋದೆ. ಮನೆಯಲ್ಲಿದ್ದ ಚಿತ್ರ ಬರೆಯುವ ಕಾರ್ಟ್ರಿಜ್ ಹಾಳೆಯನ್ನೆಲ್ಲ, ಒಡೆಯದ ಕಟ್ಟಿನ ಸಮೇತ, ಎರಡೂ ಕೈಯಲ್ಲಿ ಎತ್ತಿಕೊಂಡು ಬಂದೆ. ಅವನು ಆ ರಾಶಿ ನೋಡಿ ನಕ್ಕ. ಈ ಸಲದ ನಗು ಬೇರೆ.

"ಎರಡ ಸಾಕ್ರೀ ಮೇಡಂ" ಎಂದ. ಎಣಿಸಿ ಎರಡೇ ತೆಗೆದುಕೊಂಡು, ಮಡಿಕೆ ಬೀಳದ ಹಾಗೆ ಸುರುಳಿ ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೋದ.